ಒಲಿಯದ ಹೊಳೆಯ ಬಿಳಿಮೀನು

ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಯಾಗಿ ಧುಮ್ಮಿಕ್ಕಿದ ಮೇಲೆ ಕಾವೇರಿಯ ನಡೆಯೇ ಬದಲಾಗುತ್ತದೆ. ಶ್ರೀರಂಗಪಟ್ಟಣ, ತಿರುಮಕೂಡಲು ನರಸೀಪುರ, ತಲಕಾಡುಗಳ ಬಯಲಿನಲ್ಲಿ ಗದ್ದೆಗಳ ಮಗ್ಗುಲಲ್ಲೇ ಅಗಲವಾಗಿ ಹರಿದು ಬಂದ ಹೊಳೆ ಇಲ್ಲಿಂದ ಮುಂದೆ ಬೆಟ್ಟಗಳ ನಡುವಿನ ಕಣಿವೆಗೆ ಇಳಿಯುತ್ತದೆ. ಶಿಂಷಾ ನದಿಯನ್ನು ಸೇರಿಸಿಕೊಂಡು ದೊಡ್ಡಮಾಕಳಿ, ಭೀಮೇಶ್ವರಿ, ಮುತ್ತತ್ತಿ, ಗಾಳಿಬೋರೆಗಳನ್ನು ದಾಟಿ, ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡು, ಮೇಕೆದಾಟುವಿನ ಕಲ್ಲಿನ ಇಕ್ಕಟ್ಟಿನಲ್ಲಿ ನುಗ್ಗಿ ಹೊಗೇನಕಲ್ಲಿನ ಕಡೆಗೆ ಹೋಗುತ್ತದೆ. ಈ ಉದ್ದಕ್ಕೂ ಮನೆಗಾತ್ರದ ಬಂಡೆಗಳು, ಬಂಡೆಗಳ ನಡುವೆ ನೊರೆಗಟ್ಟುವ ಇಳಿಜಾರು, ಇಳಿಜಾರಿನ ಕೊನೆಯಲ್ಲಿ ತಳ ಕಾಣದ ಮಡು. ದಡದಲ್ಲಿ ಆನೆ, ನೀರಿನಲ್ಲಿ ಮೊಸಳೆ. ಬಲೆ ಬೀಸಿದರೆ ಕಲ್ಲಿಗೆ ಸಿಕ್ಕಿ ಹರಿಯುತ್ತದೆ, ಅಡ್ಡಬಲೆ ಕಟ್ಟಿದರೆ ಸೆಳವು ಕಿತ್ತೊಯ್ಯುತ್ತದೆ. ಇಲ್ಲಿ ಮೀನು ಹಿಡಿಯುವುದು ಕಷ್ಟ ಎಂಬುದು ಗಾಳ ಹಾಕಿದವರೆಲ್ಲ ಬರೆದಿಟ್ಟ ಮಾತು. ಆ ಕಷ್ಟವನ್ನು ಅವರು ಸಾಹಸದ ಹಿನ್ನೆಲೆಯಾಗಿ ಕಂಡರು. ಅದನ್ನು ಈ ಮೀನಿನ ಚರಿತ್ರೆಯ ಮುಖ್ಯ ಕಾರಣವಾಗಿಯೇ ನೋಡಬೇಕೆಂಬುದು ನನ್ನ ವಾದ. ಕಾವೇರಿಯ ಬಿಳಿಮೀನನ್ನು ಇಷ್ಟು ದಿನ ಉಳಿಸಿದ್ದು ಹೊಳೆಯ ದುರ್ಗಮತೆ ಮತ್ತು ಆ ದುರ್ಗಮತೆಯನ್ನು ಬಲ್ಲ ಕೆಲವೇ ಜನರ ಕಣ್ಗಾವಲು. ಹೊಳೆ ಸುಲಭವಾದಂತೆಲ್ಲ ಮೀನು ಕಡಿಮೆಯಾಯಿತು, ಬಲ್ಲವರು ದಡ ಬಿಟ್ಟ ಮೇಲೆ ಎಷ್ಟು ಕಡಿಮೆಯಾಯಿತೆಂದು ಹೇಳುವವರೂ ಇಲ್ಲದಂತಾಯಿತು.

ಮೊದಲು ಮೀನಿನ ಬಗ್ಗೆ. ಯುರೋಪಿನ ಹೊಳೆಗಳಲ್ಲಿ ಬಾರ್ಬೆಲ್ ಎಂದು ಕರೆಯುವ, ಬಾಯಿಯ ಸುತ್ತ ಮೀಸೆಯಿರುವ ಮೀನಿನ ಬಳಗಕ್ಕೆ ಸೇರಿದ್ದು ನಮ್ಮ ಮಹಸೀರ್. ಹತ್ತೊಂಬತ್ತನೆಯ ಶತಮಾನದ ಮತ್ಸ್ಯಶಾಸ್ತ್ರಜ್ಞರು ಎರಡನ್ನೂ ಬಾರ್ಬಸ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. ಕಾವೇರಿ ತೀರದವರು ಬಿಳಿಮೀನು ಎನ್ನುವುದು ಈ ಮಹಸೀರನ್ನೇ. ಅಂಗೈಯಗಲದ ಹುರುಪೆ, ಎರಡು ಜೊತೆ ಮೀಸೆ, ಮುಂದಕ್ಕೆ ಚಾಚುವ ದಪ್ಪ ತುಟಿ. ದವಡೆಯಲ್ಲಿ ಹಲ್ಲಿಲ್ಲ, ಆದರೆ ಗಂಟಲೊಳಗಿನ ಹಲ್ಲುಗಳು ಏಡಿಯ ಚಿಪ್ಪನ್ನೂ ಬಸವನಹುಳುವಿನ ಕೋಶವನ್ನೂ ಪುಡಿಮಾಡುತ್ತವೆ. ಗಟ್ಟಿ ಉಕ್ಕಿನ ಗಾಳವನ್ನೇ ಜಜ್ಜಿ ಬಿಟ್ಟ ಮೀನುಗಳ ಸಂಗತಿ ಹಳೆಯ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದಡದ ಮರಗಳಿಂದ ಉದುರುವ ಹಣ್ಣನ್ನೂ ತಿನ್ನುತ್ತದೆ, ಸಣ್ಣ ಮೀನನ್ನೂ ನುಂಗುತ್ತದೆ. ಮಳೆಗಾಲದ ಹೊಸನೀರು ಬಂದಾಗ ಪ್ರವಾಹಕ್ಕೆ ಎದುರಾಗಿ ಮೇಲೇರಿ, ಗರಸು ಹಾಸಿದ, ತಣ್ಣಗೆ ಓಡುವ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಈ ಕೊನೆಯ ಗುಣ ಮುಂದಿನ ವಾದಕ್ಕೆ ಬಹಳ ಮುಖ್ಯ. ಕಾವೇರಿಯಲ್ಲಿ ಈ ಬಳಗದ ಎರಡು ಬಗೆಗಳನ್ನು ಗಾಳದವರು ಗುರುತಿಸುತ್ತಿದ್ದರು. ಒಂದರ ರೆಕ್ಕೆ ನೀಲಿ ಛಾಯೆಯದು. ಇನ್ನೊಂದರ ತಲೆಯ ಹಿಂದೆ ಬೆನ್ನು ಗೂನಿನಂತೆ ಏರುತ್ತದೆ, ರೆಕ್ಕೆಗಳಲ್ಲಿ ಕಿತ್ತಳೆ ಬಣ್ಣ ಕಾಣುತ್ತದೆ. ದಾಖಲೆ ತೂಕಗಳೆಲ್ಲ ಗೂನುಬೆನ್ನಿನ ಮೀನಿನವು. ಲೋಕದಲ್ಲಿ ಕಾವೇರಿ ಮತ್ತು ಅದರ ಉಪನದಿಗಳ ಹೊರಗೆ ಅದು ಬೇರೆಲ್ಲೂ ಇಲ್ಲ.

ಗಾಳದ ಮೀನುಗಾರಿಕೆಯ ಚರಿತ್ರೆಯನ್ನು ಬ್ರಿಟಿಷರಿಂದ ಆರಂಭಿಸುವುದು ವಾಡಿಕೆ. ಕನ್ನಡ ನಾಡಿನ ಮಟ್ಟಿಗೆ ಇದು ತಪ್ಪು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಸಂಸ್ಕೃತ ಕೃತಿ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಸಮುದ್ರದ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆಯಿರುವುದು, ಇಲ್ಲದಿರುವುದು ಎಂದು ಅಲ್ಲಿ ವಿಂಗಡಿಸಿದ್ದಾರೆ. ಯಾವ ಮೀನಿಗೆ ಯಾವ ಆಹಾರ ರುಚಿ, ಅದನ್ನು ಒಂದೆಡೆ ತಿನ್ನಿಸಿ ರೂಢಿ ಮಾಡಿಸಿ ಆಮೇಲೆ ಗಾಳ ಇಳಿಸುವುದು ಹೇಗೆ ಎಂಬ ವಿವರವೂ ಇದೆ. ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ಆಧುನಿಕ ವಿಜ್ಞಾನದ ಗಮನಕ್ಕೆ ತಂದಾಗ ಅದರ ಕರಾರುವಾಕ್ಕುತನ ಎದ್ದು ಕಂಡಿತು. ರಾಜನ ವಿನೋದಕ್ಕೆಂದು ಬರೆದ ಗ್ರಂಥವಾದರೂ ಒಳಗಿರುವ ತಿಳಿವಳಿಕೆ ಅರಮನೆಯಲ್ಲಿ ಹುಟ್ಟುವಂಥದ್ದಲ್ಲ. ದಿನಾ ನೀರಿನ ಮೇಲಿದ್ದವರು ಹೇಳದೆ ಯಾವ ಮೀನು ಏನು ತಿನ್ನುತ್ತದೆಂದು ಆಸ್ಥಾನದ ಪಂಡಿತರಿಗೆ ಗೊತ್ತಾಗುವುದು ಸಾಧ್ಯವಿರಲಿಲ್ಲ. ಕಾವೇರಿಯ ದಡದಲ್ಲಿ ಅಂಥ ತಿಳಿವಳಿಕೆಯ ವಾರಸುದಾರರು ಬೆಸ್ತರು, ಅಂಬಿಗರು. ಬಿದಿರ ಹೆಣಿಗೆಗೆ ಹಿಂದೆ ಚರ್ಮ, ಈಗ ಟಾರು ಬಳಿದ ಹಾಳೆ ಹೊದಿಸಿದ ಹರಿಗೋಲು, ಒಂದೇ ಹುಟ್ಟು, ಇಷ್ಟರಲ್ಲೇ ಸುಳಿಗಳ ನಡುವೆ ದಾರಿ ಮಾಡಿಕೊಳ್ಳುವ ಕೈಚಳಕ ಅವರದು. ಗಟ್ಟಿಯಾಗಿ ಬೇಯಿಸಿ ನಾದಿದ ರಾಗಿಹಿಟ್ಟಿನ ಉಂಡೆಯನ್ನು ಗಾಳಕ್ಕೆ ಮೆತ್ತಿ, ಸೀಸದ ಭಾರ ಕಟ್ಟಿ, ಸೆಳವಿನ ಅಂಚಿನಲ್ಲಿ ಮಡುವಿಗೆ ಇಳಿಸುವ ಪದ್ಧತಿ ಈ ಕಣಿವೆಯದೇ. ಇಂಗ್ಲೆಂಡಿನಿಂದ ಹೊಳೆಯುವ ಲೋಹದ ಚಮಚದ ಗಾಳಗಳನ್ನು ತಂದವರೂ ಕೊನೆಗೆ ರಾಗಿ ಉಂಡೆಗೆ, ಏಡಿಗೆ ಬಂದು ನಿಂತರು. ಮಾನಸೋಲ್ಲಾಸದಿಂದ ಭೀಮೇಶ್ವರಿಯ ಹರಿಗೋಲಿನವರೆಗೆ ನೇರ ಗೆರೆ ಎಳೆಯಲು ನಮ್ಮಲ್ಲಿ ಆಧಾರವಿಲ್ಲ. ಆದರೆ ಮೀನಿನ ಹಸಿವನ್ನು ಓದಿ ಹಿಡಿಯುವ ವಿದ್ಯೆ ಈ ನಾಡಿಗೆ ಹಡಗಿನಲ್ಲಿ ಬರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಬ್ರಿಟಿಷರು ತಂದದ್ದು ಬೇರೆಯದು: ಬರೆದಿಡುವ ಅಭ್ಯಾಸ. ಮದರಾಸು ಸಿವಿಲ್ ಸರ್ವಿಸಿನ ಹೆನ್ರಿ ಸಲ್ಲಿವನ್ ಥಾಮಸ್ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದವರು. 1873ರಲ್ಲಿ ಅವರ ‘ದಿ ರಾಡ್ ಇನ್ ಇಂಡಿಯಾ’ ಮಂಗಳೂರಿನಲ್ಲಿ ಅಚ್ಚಾಯಿತು. ಭಾರತದ ಗಾಳದ ಮೀನುಗಾರಿಕೆಯ ಮೂಲಗ್ರಂಥವೆನಿಸಿದ ಪುಸ್ತಕ ಕರಾವಳಿಯ ಒಂದು ಮುದ್ರಣಾಲಯದಿಂದ ಹೊರಬಂದದ್ದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಅಷ್ಟೇ ತೂಕದ ಸಾಲ್ಮನ್ ಮೀನಿಗಿಂತ ಮಹಸೀರ್ ಹೆಚ್ಚು ಬಲವಾಗಿ ಕಾದಾಡುತ್ತದೆ ಎಂಬ ಅವರ ತೀರ್ಮಾನ ಸಾಮ್ರಾಜ್ಯದ ಉದ್ದಗಲಕ್ಕೆ ಹರಡಿತು. ಥಾಮಸರ ಇನ್ನೊಂದು ಮುಖ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 1870ರಲ್ಲೇ ಅವರು ದಕ್ಷಿಣ ಕನ್ನಡದ ಹೊಳೆಗಳ ಮೀನು ಸಂಪತ್ತಿನ ಬಗ್ಗೆ ಸರ್ಕಾರಕ್ಕೆ ವರದಿ ಬರೆದಿದ್ದರು. ಬೇಸಗೆಯಲ್ಲಿ ಮಡುಗಳಿಗೆ ನಂಜು ಕದಡುವುದು, ಮರಿಗಳನ್ನೂ ಬಿಡದ ಸಣ್ಣ ಕಣ್ಣಿನ ಬಲೆ, ಇವುಗಳಿಂದ ಹೊಳೆಗಳು ಬರಿದಾಗುತ್ತಿವೆ ಎಂಬ ಕಳವಳ ಅವರದಾಗಿತ್ತು. ಅದೇ ಹೊತ್ತಿನಲ್ಲಿ ಫ್ರಾನ್ಸಿಸ್ ಡೇ ಇಡೀ ಭಾರತ, ಬರ್ಮಾಗಳ ಸಿಹಿನೀರಿನ ಮೀನುಗಾರಿಕೆಯ ಬಗ್ಗೆ ಅದೇ ಎಚ್ಚರಿಕೆ ಕೊಟ್ಟರು. ಇಂಥ ವರದಿಗಳ ಒತ್ತಡದಿಂದಲೇ 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಬಂದು, ನೀರಿಗೆ ಸಿಡಿಮದ್ದು ಹಾಕುವುದನ್ನೂ ನಂಜು ಬೆರೆಸುವುದನ್ನೂ ಅಪರಾಧವೆಂದು ಸಾರಿತು. ಕಾಯ್ದೆ ಬಂದು ನೂರಿಪ್ಪತ್ತೈದು ವರ್ಷ ದಾಟಿದರೂ ಎರಡೂ ನಿಂತಿಲ್ಲ. ಕಾಯುವವರಿಲ್ಲದ ಕಡೆ ಕಾನೂನು ಎಷ್ಟು ದೂರ ನಡೆಯಬಲ್ಲದು ಎಂಬುದಕ್ಕೆ ಇದು ಮೊದಲ ಸಾಕ್ಷಿ.

ಇನ್ನು ದಾಖಲೆಗಳಿಗೆ ಬರೋಣ. 1906ರಲ್ಲಿ ಮರ್ರೆ ಐನ್ಸ್ಲಿ ಎಂಬವರು ಕಾವೇರಿಯಲ್ಲಿ ಹಿಡಿದ ಮೀನು 104 ಪೌಂಡು. 1919ರಲ್ಲಿ ರಿವೆಟ್ ಕಾರ್ನಾಕ್ ಅದೇ ನದಿಯಲ್ಲಿ 119 ಪೌಂಡಿನದನ್ನು ಎತ್ತಿದರು. 1946ರ ಮಾರ್ಚಿನಲ್ಲಿ ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕ ಕುಟುಂಬದ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡು, ಅಂದರೆ 54 ಕಿಲೋಗಿಂತ ಹೆಚ್ಚು. ಗಾಳದವರ ಪುಸ್ತಕಗಳಲ್ಲಿ ಈ ಅಂಕಿಗಳು ಗೆದ್ದವರ ಪಟ್ಟಿಯಾಗಿ ಬರುತ್ತವೆ. ಅವನ್ನು ಭೂಪಟವಾಗಿ ಓದಿದರೆ ಬೇರೆ ಕಥೆ ಹೊರಡುತ್ತದೆ. ಕಬಿನಿ ಕಣಿವೆಯ ಹೊಳೆಯಲ್ಲ. ಕಾಡಿನ ಅಂಚಿನಿಂದ ಬಯಲಿಗೆ ಇಳಿದು ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುವ ನದಿ ಅದು. ಅಂದರೆ 1940ರ ದಶಕದವರೆಗೂ ಅತಿ ದೊಡ್ಡ ಬಿಳಿಮೀನಿಗೆ ಬಯಲಿನ ಹೊಳೆಗಳಲ್ಲೂ ಜಾಗವಿತ್ತು. ಕಬಿನಿಗೆ ಅಣೆಕಟ್ಟು ಬಂದದ್ದು 1974ರಲ್ಲಿ. ಅದಾದ ಮೇಲೆ ಅಂಥ ಮೀನಿನ ಸುದ್ದಿ ಅಲ್ಲಿಂದ ಬರಲಿಲ್ಲ. 1970ರ ದಶಕದ ಬಳಿಕ ದೊಡ್ಡ ಮೀನಿನ ದಾಖಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆಯವು: ಶಿವನಸಮುದ್ರದ ಕೆಳಗಿನ ಕಣಿವೆ. ಮೀನು ಕಣಿವೆಯನ್ನು ಆರಿಸಿಕೊಂಡು ಹೋಯಿತೆಂದು ಇದರ ಅರ್ಥವಲ್ಲ. ಮಿಕ್ಕೆಡೆ ಇಲ್ಲವಾಗಿ ಕಣಿವೆಯಲ್ಲಿ ಮಾತ್ರ ಉಳಿಯಿತು.

ಏಕೆ ಉಳಿಯಿತು ಎನ್ನುವುದಕ್ಕೆ ಉತ್ತರ ಅಣೆಕಟ್ಟುಗಳ ಇತಿಹಾಸದಲ್ಲಿದೆ. ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕೊಡಲು 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿತು. ಅದಕ್ಕೆ ವರ್ಷವಿಡೀ ನೀರು ಬೇಕೆಂಬ ಕಾರಣವೂ ಸೇರಿ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಹಿಡಿದು 1930ರ ದಶಕದ ಆರಂಭದ ಹೊತ್ತಿಗೆ ಮುಗಿಸಿದರು. ಕೆಳಗೆ ತಮಿಳುನಾಡಿನ ಮೆಟ್ಟೂರು ಅಣೆಕಟ್ಟು 1934ರಲ್ಲಿ ಪೂರ್ಣವಾಯಿತು. ಆಮೇಲೆ ಕಬಿನಿ, ಹೇಮಾವತಿ, ಹಾರಂಗಿ. ಮಳೆಗಾಲದಲ್ಲಿ ಮೇಲೇರಿ ಮೊಟ್ಟೆಯಿಡಬೇಕಾದ ಮೀನಿಗೆ ಪ್ರತಿ ಕಟ್ಟೆಯೂ ದಾಟಲಾಗದ ಗೋಡೆ. ಹೀಗೆ ಮೇಲಿನ ಹೊಳೆಗಳು ತುಂಡುತುಂಡಾದಾಗ ಎರಡು ಕಟ್ಟೆಗಳ ನಡುವೆ ಓಡುವ ನೀರು, ಗರಸು, ಮಡು ಮೂರೂ ಒಟ್ಟಿಗೆ ಉಳಿದ ಉದ್ದನೆಯ ತುಂಡೆಂದರೆ ಈ ಕಣಿವೆ. ಅಲ್ಲಿ ರಸ್ತೆಯಿಲ್ಲ, ಹಳ್ಳಿಗಳು ವಿರಳ, ಬಲೆಗೆ ಬಂಡೆಗಳ ಕಾಟ. ಸುಳಿಗಳ ಭಯ ಊರಿನವರ ನೆನಪಿನಲ್ಲೇ ಇದೆ: ನೀರಿಗೆ ಬಿದ್ದ ಸೀತೆಯ ಮೂಗುತಿಯನ್ನು ಹನುಮ ಬಾಲದಿಂದ ಮಡುವನ್ನು ಕಲಕಿ ತೆಗೆದನೆಂಬುದು ಮುತ್ತತ್ತಿರಾಯನ ಸ್ಥಳಪುರಾಣ. ಇನ್ನೊಂದು ಸಾಕ್ಷಿ ಕಾವೇರಿಯ ಮುಖ್ಯ ಹರಿವಿನ ಆಚೆ, ಅದರ ಉಪನದಿಗಳಲ್ಲಿದೆ. ಗೂನುಬೆನ್ನಿನ ಮೀನಿಗೆ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಆ ಅಧ್ಯಯನಕ್ಕೆ ಬೇಕಾದ ಮೀನು ದೊರೆತದ್ದು ಮೋಯಾರ್ ನದಿಯಲ್ಲಿ. ಬಂಡೀಪುರ, ಮುದುಮಲೆಗಳ ಗಡಿಯಲ್ಲಿ ಹರಿದು ಆಳವಾದ ಕಮರಿಗೆ ಇಳಿಯುವ ಮೋಯಾರ್ ದಕ್ಷಿಣ ಭಾರತದಲ್ಲಿ ಮನುಷ್ಯ ಸುಲಭವಾಗಿ ಕಾಲಿಡಲಾಗದ ಹೊಳೆಗಳಲ್ಲಿ ಒಂದು. ಅಲ್ಲಿಯ ಮೀನು, 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಿಂದ ವರ್ಣಿಸಿದ್ದ ಟಾರ್ ರೆಮದೇವಿಯೇ ಎಂದು ಡಿಎನ್‌ಎ ಹೋಲಿಕೆ ತೋರಿಸಿತು. ಪಾಂಬಾರ್ ಕೂಡ ಪಶ್ಚಿಮ ಘಟ್ಟದ ಕಾಡಿನಿಂದ ಪೂರ್ವಕ್ಕೆ ಇಳಿದು ಅಮರಾವತಿಯ ಮೂಲಕ ಕಾವೇರಿಗೆ ಸೇರುವ ಗುಡ್ಡಗಾಡಿನ ಹೊಳೆ. ಒಂದು ಕಾಲಕ್ಕೆ ಜಲಾನಯನದ ಉದ್ದಗಲಕ್ಕೆ ಇದ್ದ ಮೀನು ಕೊನೆಗೆ ಸಿಕ್ಕಿದ್ದು ಇಂಥ ದುರ್ಗಮ ಜಾಗಗಳಲ್ಲೇ ಎನ್ನುವುದನ್ನು ಆಕಸ್ಮಿಕವೆಂದು ತಳ್ಳಿಹಾಕಲಾಗದು.

ಇಲ್ಲೊಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಕಷ್ಟದ ಹೊಳೆಯೇ ಮೀನನ್ನು ಕಾಯುವುದಾದರೆ ಶೃಂಗೇರಿಯ ತುಂಗೆಯ ಮೆಟ್ಟಿಲುಗಳಲ್ಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಸ್ನಾನಘಟ್ಟದ ಬುಡದಲ್ಲಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಮೀನು ಹೇಗೆ ಉಳಿಯಿತು? ಅಲ್ಲಿ ಮಗುವೂ ಕೈಚಾಚಿ ಮುಟ್ಟಬಹುದಾದಷ್ಟು ಹತ್ತಿರ ಮಹಸೀರುಗಳು ಮಂಡಕ್ಕಿಗೆ ಬಾಯ್ತೆರೆಯುತ್ತವೆ. ನಿಜ, ಇವು ಸುಲಭದ ನೀರು. ಆದರೆ ಅಲ್ಲಿ ಬಂಡೆಗಳ ಕೆಲಸವನ್ನು ಕಣ್ಣುಗಳು ಮಾಡುತ್ತಿವೆ. ದೇವರ ಮೀನೆಂಬ ನಂಬಿಕೆ, ಅರ್ಚಕರು, ದಿನವೂ ಬರುವ ಭಕ್ತರು, ಊರವರ ನಿಗಾ ಎಲ್ಲ ಸೇರಿ ಒಂದು ಮೈಲಿಯೂ ಇಲ್ಲದ ನೀರನ್ನು ಕಾಯುತ್ತವೆ. ಆ ಕಾವಲಿನ ಮಿತಿ ಏನೆಂದು 1996ರಲ್ಲಿ ಶಿಶಿಲದಲ್ಲಿ ಗೊತ್ತಾಯಿತು. ಕಿಡಿಗೇಡಿಗಳು ಕಪಿಲಾ ಹೊಳೆಗೆ ನಂಜು ಬೆರೆಸಿದಾಗ ಸಾವಿರಾರು ಮೀನು ಸತ್ತವು. ಒಂದು ಮಡುವಿಗೆ ಬಂದ ಕುತ್ತಿನಿಂದ ತಪ್ಪಿಸಿಕೊಳ್ಳಲು ಮೀನಿಗೆ ಬೇರೆ ಮಡು ಇರಬೇಕು, ಅಲ್ಲಿಗೆ ಹೋಗಿ ಬರುವ ದಾರಿ ತೆರೆದಿರಬೇಕು. ದೇವಸ್ಥಾನದ ಘಟ್ಟಗಳು ನನ್ನ ವಾದವನ್ನು ಮುರಿಯುವುದಿಲ್ಲ. ಕಲ್ಲಿನ ಕಾವಲು ಮತ್ತು ಕಣ್ಣಿನ ಕಾವಲು ಎಂಬ ಎರಡರಲ್ಲಿ ಒಂದಾದರೂ ಬೇಕು, ದೊಡ್ಡ ನದಿಗೆ ಎರಡೂ ಬೇಕು ಎನ್ನುವುದಕ್ಕೆ ಅವು ಒತ್ತು ಕೊಡುತ್ತವೆ.

ಕಣಿವೆಗೆ ಕಣ್ಣಿನ ಕಾವಲು ಬಂದದ್ದು ಗಾಳದಿಂದ. ಸ್ವಾತಂತ್ರ್ಯದ ನಂತರ ಎರಡು ಮೂರು ದಶಕ ಕಾವೇರಿಯ ಬಿಳಿಮೀನನ್ನು ಹೊರಗಿನವರು ಮರೆತೇಬಿಟ್ಟಿದ್ದರು. ಅದು ಇನ್ನೂ ಇದೆಯೇ ಎಂಬ ಪ್ರಶ್ನೆ ಹೊತ್ತು 1977ರಲ್ಲಿ ಇಂಗ್ಲೆಂಡಿನ ಒಂದು ಸಣ್ಣ ತಂಡ ಬಂತು. ಮರುವರ್ಷ ಅವರು 92 ಪೌಂಡಿನ ಮೀನು ಹಿಡಿದ ಸುದ್ದಿ ಹರಡಿ ಲೋಕದ ಗಾಳದವರು ಇತ್ತ ತಿರುಗಿದರು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಕಾವಲುಗಾರರನ್ನು ಇಟ್ಟಿತು. 1980ರಲ್ಲಿ ಆರಂಭವಾದ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರ ನಡೆಸಿತು. ಹಿಡಿದ ಮೀನನ್ನು ತೂಗಿ, ಬರೆದು, ಮತ್ತೆ ಹೊಳೆಗೆ ಬಿಡಬೇಕೆಂಬುದು ಅಲ್ಲಿನ ನಿಯಮ. ಹಿಂದೆ ಕಳ್ಳಬಲೆ, ಸಿಡಿಮದ್ದು ಹಿಡಿದಿದ್ದ ಕೆಲವರೂ ಸೇರಿ ಹೊಳೆಯ ಮಗ್ಗುಲ ಹಳ್ಳಿಗಳ ಗಂಡಸರು ಮಾರ್ಗದರ್ಶಿಗಳಾದರು, ಹರಿಗೋಲು ನಡೆಸಿದರು, ಕಾವಲು ಕಾದರು. ಯಾವ ಬಂಡೆಯ ಹಿಂದೆ ಮೀನು ನಿಲ್ಲುತ್ತದೆ, ವಿದ್ಯುತ್ ಕೇಂದ್ರದಿಂದ ನೀರು ಬಿಟ್ಟಾಗ ಮಟ್ಟ ಎಷ್ಟು ಹೊತ್ತಿಗೆ ಏರುತ್ತದೆ, ಯಾವ ಮಡುವಿನಲ್ಲಿ ದಾರ ಕಲ್ಲಿಗೆ ಸಿಕ್ಕುತ್ತದೆ, ಇದೆಲ್ಲ ಅವರ ತಿಳಿವಳಿಕೆ. ನದಿಯ ಮೇಲೆ ದಿನವಿಡೀ ಜನ ಇದ್ದದ್ದರಿಂದ, ಸುತ್ತಲ ಕಲ್ಲುಕ್ವಾರಿಗಳಿಂದ ಸುಲಭವಾಗಿ ಕೈಸೇರುವ ಸಿಡಿಮದ್ದನ್ನು ನೀರಿಗೆಸೆದು ಸದ್ದಾಗದಂತೆ ಹೋಗುವುದು ಆ ಭಾಗದಲ್ಲಿ ಕಷ್ಟವಾಯಿತು. ಹೊಳೆಗೆ ತಾನಾಗಿ ಇದ್ದ ಕಷ್ಟಕ್ಕೆ ಮನುಷ್ಯರು ಸೇರಿಸಿದ ಕಷ್ಟ ಇದು, ಈ ಬಾರಿ ಮೀನಿನ ಪರವಾಗಿ.

ಈ ವ್ಯವಸ್ಥೆಯನ್ನು ಹೊಗಳಿ ಮುಂದೆ ಹೋಗಲು ಆಗುವುದಿಲ್ಲ. ಅದರ ಮೇಲಿನ ದೂರುಗಳಲ್ಲಿ ತೂಕವಿದೆ. ಮೊದಲನೆಯದು, ಇದು ಹಣವುಳ್ಳವರ ವಿಲಾಸವಾಗಿತ್ತು ಎಂಬುದು. ವಿದೇಶದಿಂದ ಬಂದವರು ಸಂತೋಷಕ್ಕಾಗಿ ಹಿಡಿದು ಬಿಡುವ ಮೀನನ್ನು ತಲೆಮಾರುಗಳಿಂದ ಹೊಟ್ಟೆಪಾಡಿಗೆ ಹಿಡಿದ ಬೆಸ್ತರು ಮುಟ್ಟಬಾರದೆಂದರೆ ಅದರಲ್ಲಿ ಅನ್ಯಾಯವಿದೆ. ಮಾರ್ಗದರ್ಶಿಗಳಾಗಿ ಸಂಬಳ ಪಡೆದವರು ಕೆಲವರೇ, ಹೊಳೆಯ ಹಕ್ಕು ಕಳೆದುಕೊಂಡವರು ಅವರಿಗಿಂತ ಹೆಚ್ಚು. ಇದನ್ನು ಒಪ್ಪಿಕೊಂಡೇ ಹೇಳಬೇಕಾದದ್ದು, ಶಿಬಿರಗಳು ಹೋದ ಮೇಲೆ ಆ ಹಕ್ಕೇನೂ ಬೆಸ್ತರಿಗೆ ಮರಳಲಿಲ್ಲ, ಇದ್ದ ಸಂಬಳವೂ ಹೋಯಿತು. ಎರಡನೆಯದು, ಬಾಯಿಗೆ ಕೊಕ್ಕೆ ಸಿಕ್ಕಿಸಿ ದಣಿಸಿ ಬಿಡುವುದು ಹಿಂಸೆ ಎಂಬುದು. ಹಿಂಸೆ ಹೌದು. ಕಾವೇರಿಯ ನೀಲಿರೆಕ್ಕೆಯ ಮಹಸೀರಿನ ಮೇಲೆಯೇ ನಡೆದ ಅಧ್ಯಯನ, ಎಚ್ಚರಿಕೆಯಿಂದ ಬಿಟ್ಟ ಮೀನುಗಳಲ್ಲಿ ಬಹುಪಾಲು ಬದುಕುತ್ತವೆಂದು ತೋರಿಸಿದೆ, ಆದರೂ ದೊಡ್ಡ ಮೀನು ಹೆಚ್ಚು ಹೊತ್ತು ಸೆಣಸುವುದರಿಂದ ಅದಕ್ಕೆ ಅಪಾಯ ಹೆಚ್ಚು. ಈ ಹಿಂಸೆಯನ್ನು ಸಿಡಿಮದ್ದಿನ ಪಕ್ಕದಲ್ಲಿಟ್ಟು ತೂಗಬೇಕಾದ ಸ್ಥಿತಿ ನಮ್ಮದು. ಒಂದು ಸಿಡಿತದಲ್ಲಿ ಮಡುವಿನ ಮರಿ, ತಾಯಿ, ಏಡಿ ಎಲ್ಲ ಸಾಯುತ್ತವೆ. ತೂಗಿದರೆ ಯಾವ ಕಡೆ ಇಳಿಯುತ್ತದೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಮೂರನೆಯ ದೂರು ನನ್ನ ವಾದಕ್ಕೇ ನೇರವಾಗಿ ತಾಗುವಂಥದ್ದು, ಅದಕ್ಕೇ ಹೆಚ್ಚು ಗಂಭೀರ. ಕಣಿವೆ ಅಷ್ಟು ದುರ್ಗಮ, ಮೇಲೆ ಗಾಳದವರ ಕಾವಲೂ ಇತ್ತು. ಹಾಗಿದ್ದೂ ಗೂನುಬೆನ್ನಿನ ಮೀನು ಅಲ್ಲೇ, ಅವರ ಕಣ್ಣೆದುರೇ ಏಕೆ ಕಡಿಮೆಯಾಯಿತು? ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಪುಸ್ತಕಗಳನ್ನು ವಿಜ್ಞಾನಿಗಳು ತೆರೆದು ನೋಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಪ್ಪತ್ತಮೂರು ಸಾವಿರ ಗಂಟೆಗೂ ಮಿಕ್ಕಿದ ಗಾಳದ ಶ್ರಮ, ಆರು ಸಾವಿರಕ್ಕೂ ಹೆಚ್ಚು ಮಹಸೀರ್. ಮೇಲ್ನೋಟಕ್ಕೆ ಸಂಖ್ಯೆ ಏರುತ್ತಲೇ ಹೋಗಿತ್ತು, ಸಂರಕ್ಷಣೆ ಗೆದ್ದಂತೆ ಕಾಣುತ್ತಿತ್ತು. ಬಗೆಗಳನ್ನು ಬೇರ್ಪಡಿಸಿ ನೋಡಿದಾಗ ಏರಿದ್ದು ನೀಲಿರೆಕ್ಕೆಯ ಮೀನು, ಗೂನುಬೆನ್ನಿನದು ಅಪರೂಪಕ್ಕೊಂದು ಎನ್ನುವ ಮಟ್ಟಕ್ಕೆ ಇಳಿದಿತ್ತು. ಕಾರಣವಾಗಿ ವಿಜ್ಞಾನಿಗಳು ಬೊಟ್ಟುಮಾಡಿದ್ದರಲ್ಲಿ ಮುಖ್ಯವಾದದ್ದು ಮೀನುಮರಿ ಬಿತ್ತನೆ. ಮಹಾರಾಷ್ಟ್ರದ ಲೋಣಾವಳಾದಲ್ಲಿ ಟಾಟಾ ವಿದ್ಯುತ್ ಕಂಪನಿಗಳು 1970ರ ದಶಕದಿಂದ ನೀಲಿರೆಕ್ಕೆಯ ಮಹಸೀರಿನ ಮರಿ ಮಾಡಿಸಿ ಹಲವು ರಾಜ್ಯಗಳಿಗೆ ಕೊಟ್ಟವು. ಕಾವೇರಿಗೂ ಅವು ಬಂದವು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ, ಗಾಳದವರೂ ಮೆಚ್ಚಿದ ಕೆಲಸ. ಆದರೆ ಹೋರಾ ಮುಂತಾದವರು ಗೂನುಬೆನ್ನಿನ ಮೀನಿಗೆ ತಪ್ಪಾಗಿ ಬೇರೊಂದು ಜಾತಿಯ ಹೆಸರು ಅಂಟಿಸಿದ್ದರಿಂದ ಅದು ಕಾವೇರಿಯದೇ ಆದ ಪ್ರತ್ಯೇಕ ಜೀವಿ ಎಂಬ ಅರಿವು ಯಾರಿಗೂ ಇರಲಿಲ್ಲ. ಮಹಸೀರ್ ಎಂದರೆ ಮಹಸೀರ್ ಎಂದು ಸುರಿದರು. ಕಲ್ಲಿನ ಕಾವಲು ಬಲೆಯನ್ನು, ಸಿಡಿಮದ್ದಿನ ಕೈಯನ್ನು ತಡೆಯಬಲ್ಲದು. ಮೇಲಿನಿಂದ ಬದಲಾಗಿ ಬರುವ ನೀರನ್ನೂ ಬಕೆಟ್ಟಿನಲ್ಲಿ ತಂದು ಬಿಟ್ಟ ಮರಿಯನ್ನೂ ತಡೆಯಲಾರದು. ಆದ್ದರಿಂದ ಈ ಆಕ್ಷೇಪ ನನ್ನ ವಾದವನ್ನು ತಿದ್ದುತ್ತದೆ: ದುರ್ಗಮತೆ ಮೀನನ್ನು ನೂರು ವರ್ಷ ಹೆಚ್ಚು ಬದುಕಿಸಿತು, ಶಾಶ್ವತವಾಗಿ ಬದುಕಿಸುವ ಶಕ್ತಿ ಅದಕ್ಕಿರಲಿಲ್ಲ. ಇದರ ಜೊತೆಗೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಕುಸಿತ ಲೋಕಕ್ಕೆ ತಿಳಿದದ್ದು ಹೇಗೆ? ಅದೇ ಗಾಳದವರ ಪುಸ್ತಕಗಳಿಂದ. ಆ ಸೆಳವಿನಲ್ಲಿ ಬಲೆ ನಿಲ್ಲದು, ವಿಜ್ಞಾನಿಗಳ ಬೇರೆ ಸಲಕರಣೆಯೂ ನಡೆಯದು. ಗಾಳವೊಂದೇ ಆ ನೀರಿನೊಳಗೆ ಏನಿದೆ ಎಂದು ವರ್ಷದಿಂದ ವರ್ಷಕ್ಕೆ ತಿಳಿಸಿದ ಉಪಕರಣ.

ಆ ಉಪಕರಣ ಇಂದು ಕೈಯಲ್ಲಿಲ್ಲ. ಕಣಿವೆ 1987ರಿಂದ ಕಾವೇರಿ ವನ್ಯಜೀವಿ ಅಭಯಾರಣ್ಯ. ಅಭಯಾರಣ್ಯದೊಳಗೆ ಗಾಳ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಗೆ ಸಮ ಎಂಬ ನಿಲುವು ಗಟ್ಟಿಯಾಗಿ, 2012ರ ಹೊತ್ತಿಗೆ ಶಿಬಿರಗಳಲ್ಲಿ ಗಾಳ ನಿಂತಿತು. ಕಾಯ್ದೆಯ ಅಕ್ಷರ ಹಿಡಿದರೆ ಆ ನಿಲುವನ್ನು ತಪ್ಪೆನ್ನಲು ಬರುವುದಿಲ್ಲ. ಹುಲಿಗೊಂದು ನ್ಯಾಯ, ಮೀನಿಗೊಂದು ನ್ಯಾಯ ಏಕೆ ಎಂಬ ಪ್ರಶ್ನೆಗೆ ತತ್ತ್ವದ ಬಲವಿದೆ. ಆದರೆ ಹುಲಿಯನ್ನು ಕ್ಯಾಮೆರಾ ಇಟ್ಟು ಎಣಿಸಬಹುದು, ಕೆಂಪು ನೀರಿನ ಅಡಿಯ ಮೀನನ್ನು ಹಾಗೆ ಎಣಿಸಲಾಗದು. ನಿಷೇಧದ ನಂತರ ಹೊಳೆಯ ಮೇಲಿನ ದಿನನಿತ್ಯದ ಓಡಾಟ ತಗ್ಗಿತು, ಬರೆದಿಡುವ ಪುಸ್ತಕ ನಿಂತಿತು. 2018ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಟಾರ್ ರೆಮದೇವಿಯನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ನೂರು ವರ್ಷಕ್ಕೂ ಹಿಂದಿನಿಂದ ತೂಕ ಬರೆದಿಟ್ಟ ಮೀನಿಗೆ ಸರಿಯಾದ ಹೆಸರು ಸಿಕ್ಕ ವರ್ಷವೇ ಅದು ಅಳಿಯುತ್ತಿದೆಯೆಂಬ ಘೋಷಣೆಯೂ ಬಂತು.

ಈಗ ಕಣಿವೆಯ ಮುಂದಿರುವುದು ಮೇಕೆದಾಟು ಯೋಜನೆ. ಸುಮಾರು 67 ಟಿಎಂಸಿ ನೀರು ನಿಲ್ಲಿಸುವ, ಬೆಂಗಳೂರಿಗೆ ಕುಡಿಯುವ ನೀರು ಮತ್ತು 400 ಮೆಗಾವಾಟ್ ವಿದ್ಯುತ್ ಕೊಡುವ ಅಣೆಕಟ್ಟು ಎಂದು ಅದನ್ನು ವಿವರಿಸುತ್ತಾರೆ. ನಗರದ ಬಾಯಾರಿಕೆ ಹುಸಿಯಲ್ಲ, ಎರಡು ರಾಜ್ಯಗಳ ವಿವಾದದಲ್ಲಿ ಕರ್ನಾಟಕದ ನೀರಿನ ಹಕ್ಕೂ ಹುಸಿಯಲ್ಲ. ಆದರೆ ವಾದಗಳೆಲ್ಲ ಟಿಎಂಸಿ ಲೆಕ್ಕದಲ್ಲಿ, ಮುಳುಗುವ ಕಾಡಿನ ಲೆಕ್ಕದಲ್ಲಿ ನಡೆಯುತ್ತಿವೆ. ಓಡುವ ನೀರು ನಿಂತ ನೀರಾದರೆ ಗರಸು ಹೂಳಿನಡಿ ಸೇರುತ್ತದೆ, ಮೊಟ್ಟೆಗೆ ಜಾಗವಿರುವುದಿಲ್ಲ, ಬಲೆಗೆ ಅಡ್ಡಬರುವ ಬಂಡೆ ಇರುವುದಿಲ್ಲ. ಮೆಟ್ಟೂರಿನ ಜಲಾಶಯದಲ್ಲಿ ಆದಂತೆ ಗಂಗೆಯಿಂದ ತಂದ ಕಾಟ್ಲಾ, ರೋಹುಗಳು ಅಲ್ಲಿ ಹುಲುಸಾಗಿ ಬೆಳೆಯಬಹುದು, ಹಿಡಿಯುವುದೂ ಸುಲಭವಾಗಬಹುದು. ಜಲಾನಯನದ ಬೇರೆ ಹೊಳೆಗಳೆಲ್ಲ ಸುಲಭವಾದಾಗ ಬಿಳಿಮೀನಿಗೆ ಏನಾಯಿತೆಂಬುದು ಈಗಾಗಲೇ ದಾಖಲೆಯಲ್ಲಿದೆ. ಯೋಜನೆಯ ಪರಿಸರ ವರದಿಗೆ ಯಾರೇ ಕೈಹಾಕಲಿ, ಶಿವನಸಮುದ್ರದಿಂದ ಹೊಗೇನಕಲ್ಲಿನವರೆಗೆ ಗೂನುಬೆನ್ನಿನ ಮೀನು ಎಷ್ಟು ಮಡುಗಳಲ್ಲಿ ಉಳಿದಿದೆ ಎಂದು ಕನಿಷ್ಠ ಎರಡು ಮೂರು ವರ್ಷ ಎಣಿಸಬೇಕು. ಎಣಿಸಲು ಗಾಳವೇ ಬೇಕು, ಅರಣ್ಯ ಇಲಾಖೆ ಅದಕ್ಕೆ ವೈಜ್ಞಾನಿಕ ಕೆಲಸವೆಂದು ಅನುಮತಿ ಕೊಡಬೇಕು. ಹರಿಗೋಲು ನಡೆಸಿ, ಮಡುಗಳನ್ನು ಗುರುತಿಸಿಕೊಟ್ಟ ಹಳೆಯ ಮಾರ್ಗದರ್ಶಿಗಳಲ್ಲಿ ಅನೇಕರಿಗೆ ವಯಸ್ಸಾಗುತ್ತಿದೆ. ಅವರನ್ನು ಸಂಬಳ ಕೊಟ್ಟು ಈ ಕೆಲಸಕ್ಕೆ ಕರೆಯಬೇಕು, ಅವರ ಜೊತೆ ಊರಿನ ಎಳೆಯರನ್ನೂ ಹರಿಗೋಲಿಗೆ ಹತ್ತಿಸಬೇಕು. ಆ ಎಣಿಕೆ ಮುಗಿಯುವವರೆಗೆ ಕಾವೇರಿಗೆ ಯಾವ ಹೊರಗಿನ ಮಹಸೀರ್ ಮರಿಯನ್ನೂ ಬಿಡಬಾರದು.